ಲವಂಗ ಮರೆತ ಸೋಮವಾರ

ನಮ್ಮ ದ್ವೀಪದಲ್ಲಿ ನೀರಿನೊಳಗೆ ಆಡಿದ ಮಾತು ಮೂರು ದಿನ ಕಳೆದು ಗುಡ್ಡದ ನೆತ್ತಿಯ ಬಂಡೆಯ ಮೇಲೆ ಕೇಳಿಸುತ್ತದೆ. ಸೋಮವಾರ ಆಡಿದ್ದು ಗುರುವಾರ, ಮಂಗಳವಾರದ್ದು ಶುಕ್ರವಾರ. ಬೆಳಗಿನ ಬಿಸಿಲು ಬಂಡೆಗೆ ತಾಗಿದ ಕೂಡಲೇ ಶುರು. ಯಾರು ಮೊದಲು ಆಡಿದರೋ ಅವರದು ಮೊದಲು. ಅರ್ಧ ಗಂಟೆಯೊಳಗೆ ಇಡೀ ದಿನದ್ದು ಮುಗಿದುಹೋಗುತ್ತದೆ, ಒಮ್ಮೆ ಕೇಳಿಸಿದ್ದು ಇನ್ನೊಮ್ಮೆ ಕೇಳಿಸುವುದಿಲ್ಲ. ರಜೆ ಹಾಕಿ ಬಂದವರಿಗೆ ಇದು ಮೋಜು. ನನಗೆ ಇಪ್ಪತ್ತೊಂಬತ್ತು ವರ್ಷದಿಂದ ಹೊಟ್ಟೆಪಾಡು.

ಇನ್ನೊಂದು ಕಟ್ಟಳೆ ಇದೆ. ನೀರಿಗೆ ಇಳಿಸಿದವನೇ ಗುಡ್ಡ ಹತ್ತಿಸಬೇಕು. ಇದನ್ನು ಯಾರು ಮಾಡಿದರೋ, ಯಾಕೆ ಮಾಡಿದರೋ, ಅವರನ್ನು ಹಿಡಿದು ಒಂದೇ ಒಂದು ವಾರ ನನ್ನ ಜೊತೆ ಕಳಿಸಿಕೊಟ್ಟರೆ ಸಾಕು, ಮುಂದಿನ ಸೋಮವಾರಕ್ಕೆ ಕಟ್ಟಳೆ ಬದಲಾಗಿರುತ್ತದೆ. ಬೇರೆ ಊರುಗಳಲ್ಲಿ ಸಮುದ್ರದೊಳಗೆ ಕರೆದೊಯ್ಯುವವರೇ ಬೇರೆ, ಚಾರಣ ಮಾಡಿಸುವವರೇ ಬೇರೆ ಇರುತ್ತಾರಂತೆ. ಇಲ್ಲಿ ಒಬ್ಬನದೇ ಕಿವಿಯೂ ಹೋಗಬೇಕು, ಮೊಣಕಾಲೂ ಹೋಗಬೇಕು. ನನ್ನ ಎಡಗಿವಿ ಹೋಗಿ ಆರು ವರ್ಷವಾಯಿತು. ಮೊಣಕಾಲು ಎರಡೂ ಹೋಗಿವೆ, ಆದರೂ ಪಾಪ ನಡೆಯುತ್ತಿವೆ.

ಊರಿನವರಿಗೆ ಎಲ್ಲವೂ ರೂಢಿಯಾಗಿಬಿಟ್ಟಿದೆ. ಮಕ್ಕಳನ್ನು ಸಮುದ್ರಕ್ಕೆ ಇಳಿಸುವ ತಾಯಂದಿರು ಮೊದಲು ಹೇಳುವುದು ಬಾಯಿ ಮುಚ್ಚು ಅಂತ. ಬಲೆಯವರು ದೋಣಿಯಿಂದ ಬಿದ್ದರೂ ತಲೆ ಮೇಲೆತ್ತಿದ ಮೇಲೆಯೇ ಬೈಯುವುದು. ಎದುರಿಗೆ ಹೇಳಲಾಗದ್ದು ಇದ್ದರೆ ಸಂಜೆ ದೋಣಿ ಕಟ್ಟುವ ಧಕ್ಕೆಯ ಮೆಟ್ಟಿಲಿಗೆ ಹೋಗಿ, ಮೂಗು ಹಿಡಿದು, ತಲೆ ಮುಳುಗಿಸಿ ಹೇಳಿಬಿಡುತ್ತಾರೆ. ಸೊಸೆಯಂದಿರು ಅತ್ತೆಯ ಮೇಲಿನ ಸಿಟ್ಟನ್ನು ಹೀಗೆಯೇ ಕಳೆದುಕೊಳ್ಳುವುದು, ಯಾಕೆಂದರೆ ಅತ್ತೆಯಂದಿರಿಗೆ ಗುಡ್ಡ ಹತ್ತಲಾಗುವುದಿಲ್ಲ. ನಮ್ಮ ಶಾಲೆಯಲ್ಲಿದ್ದ ಮೇಷ್ಟರೊಬ್ಬರು ಅಂಚೆ ಮನೆಯ ಹುಡುಗಿಗೆ ನಾಲ್ಕು ವರ್ಷ ಧಕ್ಕೆಯಲ್ಲಿ ಮುಳುಗಿ ಮುಳುಗಿ ಮದುವೆಯ ಮಾತು ಹೇಳಿದರು. ಅವಳು ಗುಡ್ಡ ಹತ್ತುವ ಪೈಕಿಯೇ ಅಲ್ಲ ಎಂದು ಅವರಿಗೆ ಗೊತ್ತಾದದ್ದು ಅವಳ ಮದುವೆಯ ಊಟದಲ್ಲಿ.

ಗೈಡುಗಳು ಮಾತ್ರ ನೀರಲ್ಲಿ ತುಟಿ ಬಿಚ್ಚಕೂಡದು. ದುಡ್ಡು ಕೊಟ್ಟು ಬಂದವರ ಮಾತಿನ ನಡುವೆ ಗೈಡಿನ ಗೊಣಗಾಟ ಕೇಳಿಸಿದರೆ ಯಾರಿಗೆ ಸೇರುತ್ತದೆ? ಅದಕ್ಕೇ ನಾವು ನಾಲಿಗೆಯ ಕೆಳಗೆ ಲವಂಗ ಇಟ್ಟುಕೊಂಡು ಇಳಿಯುತ್ತೇವೆ. ಗಾಳಿಯ ನಳಿಗೆಯನ್ನು ಹಲ್ಲಲ್ಲಿ ಕಚ್ಚಿದ ಮೇಲೆ ನಾಲಿಗೆ ತನ್ನಷ್ಟಕ್ಕೆ ಏನಾದರೂ ಅನ್ನಲು ಹೊರಡುತ್ತದೆ. ಲವಂಗ ಚುರ್ ಅಂದರೆ ತಾನು ಗೈಡು ಎನ್ನುವುದು ನೆನಪಾಗುತ್ತದೆ. ನನ್ನ ಹೆಂಡತಿ ಸಾವಂತ್ರಿ ದಿನಾ ಬೆಳಗ್ಗೆ ಕ್ಯಾಲೆಂಡರಿನಿಂದ ಆ ದಿನದ ಹಾಳೆ ಹರಿದು, ಎರಡು ಲವಂಗ ಅದರಲ್ಲಿ ಕಟ್ಟಿ, ಬಾಗಿಲ ಪಕ್ಕದ ಗೂಡಿನಲ್ಲಿ ಇಟ್ಟುಹೋಗುತ್ತಾಳೆ. ಒಂದು ಬಾಯಿಗೆ. ಅದು ಬಿದ್ದುಹೋದರೆ ಇರಲಿ ಅಂತ ಇನ್ನೊಂದು.

ಸಾವಂತ್ರಿ ನೀರು ಕಾಣದ ಬಯಲು ಕಡೆಯವಳು. ಮದುವೆಯಾಗಿ ಬರುವಾಗ ದೋಣಿಯಲ್ಲಿ ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಆಮೇಲೆ ಇಪ್ಪತ್ತೇಳು ವರ್ಷದಲ್ಲಿ ಅವಳ ಪಾದ ಸಮುದ್ರಕ್ಕೆ ತಾಗಿದ್ದನ್ನು ನಾನು ನೋಡಿಲ್ಲ. ಮಗಳ ಮದುವೆಗೆ ಆಚೆ ದಡಕ್ಕೆ ಹೋಗುವಾಗಲೂ ನಮ್ಮ ದೋಣಿಯ ಪೆದ್ರು ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯನ್ನೇ ಎತ್ತಿ ದೋಣಿಯಲ್ಲಿ ಇಟ್ಟಿದ್ದ. ಅವಳು ಗುಡ್ಡದ ನೆತ್ತಿಯಲ್ಲಿ ಚಾದ ಅಂಗಡಿ ಇಟ್ಟದ್ದೂ ಅದೇ ಕಾರಣಕ್ಕೆ. "ಮ್ಯಾಲ ಹ್ವಾದಷ್ಟು ನೀರು ದೂರ ಆಗತದ ನೋಡ್ರಿ" ಅಂದಿದ್ದಳು. ಅಂಗಡಿ ಅಂದರೆ ಒಂದು ಬುಟ್ಟಿ, ಒಂದು ಪಂಪಿನ ಸ್ಟೋವು, ಹತ್ತು ಗ್ಲಾಸು. ಬುಟ್ಟಿಯನ್ನು ದಿನಾ ತಲೆಯ ಮೇಲೆ ಹೊತ್ತು ಹತ್ತುತ್ತಾಳೆ, ಹೊತ್ತು ಇಳಿಯುತ್ತಾಳೆ.

ಆ ಸ್ಟೋವಿನ ವಿಷಯ ಹೇಳಬೇಕು. ಬಂಡೆಯ ಮೇಲೆ ಎಂತೆಂಥ ಮಾತು ಕೇಳಿಸುತ್ತದೆ ಅಂತೀರಿ! ಹೋದ ವರ್ಷ ಒಬ್ಬ ಗಂಡಸು ನೀರಲ್ಲಿ ಹೆಂಡತಿಯಲ್ಲದ ಇನ್ನೊಬ್ಬಳ ಹೆಸರು ಹೇಳಿಬಿಟ್ಟಿದ್ದ. ಗುಡ್ಡದ ಮೇಲೆ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಹೆಸರಿನ ಮೊದಲ ಅಕ್ಷರ ಬೀಳುತ್ತಲೇ ಸಾವಂತ್ರಿ ಸ್ಟೋವಿಗೆ ಪಂಪು ಹೊಡೆದಳು. ಅದು ಭರ್ರೆಂದು ಅಬ್ಬರಿಸಿ, ಮಿಕ್ಕ ಅಕ್ಷರಗಳು ಅದರೊಳಗೆ ಮುಳುಗಿಹೋದವು. ಚಾ ಮಾಡುತ್ತಿದ್ದಾಳೆ ಅಂತ ಹೆಂಡತಿ ಅಂದುಕೊಂಡಳು, ಗಂಡ ಮಾತ್ರ ಬೆವರು ಒರೆಸಿಕೊಂಡು ಎರಡು ಚಾ ಕುಡಿದ. ಯಾವುದಕ್ಕೆ ಪಂಪು ಹೊಡೆಯಬೇಕು, ಯಾವುದಕ್ಕೆ ಬೇಡ ಎನ್ನುವುದು ಅವಳಿಗೆ ಮಾತಿನ ಮೊದಲ ಉಸಿರಿನಲ್ಲೇ ಗೊತ್ತಾಗುತ್ತದೆ. ಅವಳ ಸ್ಟೋವಿನಿಂದ ಎಷ್ಟು ಸಂಸಾರ ಉಳಿದಿವೆಯೋ ದೇವರೇ ಬಲ್ಲ.

ನಮ್ಮ ಸಂಸಾರ ಮಾತ್ರ ಹೇಗಿತ್ತೋ ಹಾಗೆ ಸವೆಯುತ್ತಿತ್ತು. ನಾನು ಏಳುವ ಮೊದಲೇ ಅವಳು ಬುಟ್ಟಿ ಹೊತ್ತು ಹೊರಟಿರುತ್ತಾಳೆ. ಅವಳು ಮಧ್ಯಾಹ್ನ ಬರುವಾಗ ನಾನು ದೋಣಿಯಲ್ಲಿರುತ್ತೇನೆ. ಸಂಜೆ ನಾನು ಬರುವಷ್ಟರಲ್ಲಿ ಅವಳ ಕಣ್ಣು ಎಳೆಯುತ್ತಿರುತ್ತದೆ. "ಅಕ್ಕಿ ತೀರ್‍ಯಾವು", "ನಲ್ಲಿ ಸೋರಲಿಕ್ಕೆ ಹತ್ಯದ", ಇಷ್ಟೇ ಮಾತು. ಹೆಸರು ಹಿಡಿದು ಕರೆಯುವ ಪದ್ಧತಿ ಅವಳ ಕಡೆ ಇಲ್ಲ, ನಾನು ಅವಳಿಗೆ ಮೊದಲಿನಿಂದ 'ಏನ್ರೀ'. ಜಗಳ ಇತ್ತೇ ಅಂದರೆ ಇಲ್ಲ, ಜಗಳಕ್ಕೂ ಸ್ವಲ್ಪ ಕಸುವು ಬೇಕಲ್ಲ. ಗುಡ್ಡ ಹತ್ತಿಸುವ ದಿನ ನೆತ್ತಿಯಲ್ಲಿ ಅವಳನ್ನು ನೋಡುತ್ತಿದ್ದೆ. ನನ್ನ ಪಾಲಿನ ಗ್ಲಾಸನ್ನು ಬಂಡೆಯ ಅಂಚಿನಲ್ಲಿ ಇಟ್ಟಿರುತ್ತಿದ್ದಳು. ನಾನು ಅದನ್ನು ನಿಂತುಕೊಂಡೇ ಎರಡು ಗುಟುಕಿಗೆ ಮುಗಿಸಿ, ಬಂದವರನ್ನು ಬಿಸಿಲೇರುವ ಮೊದಲು ಇಳಿಸಿಕೊಂಡು ಹೋಗುತ್ತಿದ್ದೆ. ಒಮ್ಮೆಯೂ ಅವಳ ಪಕ್ಕ ಕೂತವನಲ್ಲ.

ಆ ಸೋಮವಾರ ನನ್ನ ಪಾಲಿಗೆ ಬಂದವರು ಗಂಡ ಹೆಂಡತಿ, ಇಬ್ಬರಿಗೂ ನಲವತ್ತರ ಆಚೆ ಈಚೆ. ಗಂಡ ಪದ್ಮರಾಜ, ಟೈಲ್ಸ್ ಅಂಗಡಿಯ ಯಜಮಾನ. ಹೆಂಡತಿ ವಿನುತಾ, ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಮದುವೆಯಾಗಿ ಹದಿನೈದು ವರ್ಷಕ್ಕೆ ಮೊದಲ ಸಲ ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಬಂದಿದ್ದರಂತೆ. ಪದ್ಮರಾಜ ದೋಣಿ ಹತ್ತಿದಾಗಿನಿಂದ ಬಾಯಿ ಮುಚ್ಚಿದ್ದೇ ಇಲ್ಲ.

"ಬೊಮ್ಮಯ್ಯನವ್ರೇ, ಒಳಗೆ ಹೋಗಿ ಮನೆದೇವ್ರ ಹೆಸ್ರು ಹೇಳ್ಲೋ, ಅಂಗಡಿ ಹೆಸ್ರು ಹೇಳ್ಲೋ?"

"ಅಂಗಡಿದೇ ಹೇಳಿ ಸಾರ್, ಗುಡ್ಡದ ಮೇಲೆ ಪುಕ್ಕಟೆ ಜಾಹೀರಾತು ಆಗ್ತದೆ" ಅಂದ ಪೆದ್ರು. ಪೆದ್ರು ನಮ್ಮ ದೋಣಿ ನಡೆಸುವವನು, ಇಪ್ಪತ್ತು ವರ್ಷದ ಜೊತೆಗಾರ.

ವಿನುತಾ ಮೆಲ್ಲಗೆ ಕೇಳಿದರು. "ಏನೂ ಮಾತಾಡದೇ ಇದ್ರೆ?"

"ಏನೂ ಕೇಳುದಿಲ್ಲ ಮೇಡಂ."

"ಅದೇ ವಾಸಿ" ಎಂದು ಅವರು ಸಮುದ್ರದ ಕಡೆ ತಿರುಗಿ ಕೂತರು.

ಬೆನ್ನಿಗೆ ಸಿಲಿಂಡರು ಕಟ್ಟಿ, ಕಣ್ಣಿಗೆ ಗಾಜು ಹಾಕಿ, ಇಬ್ಬರನ್ನೂ ಇಳಿಸಿದೆ. ಹತ್ತು ಮೀಟರು, ಅದಕ್ಕಿಂತ ಹೆಚ್ಚಿಲ್ಲ. ಪದ್ಮರಾಜ ನನ್ನ ಮುಂಗೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ಉಗುರಿನ ಗುರುತು ಸಂಜೆಯವರೆಗೂ ಇತ್ತು. ಹಳದಿ ಪಟ್ಟೆಯ ಮೀನುಗಳು ಬಂದು ಅವರ ಮೂಗಿನ ಮುಂದೆಯೇ ತಿರುಗಿದವು, ಅವರು ಕಣ್ಣು ಮುಚ್ಚಿಕೊಂಡುಬಿಟ್ಟರು. ವಿನುತಾ ಮಾತ್ರ ತಳದ ಮರಳಿನ ಮೇಲೆ ತಮ್ಮ ಮನೆಯ ಜಗುಲಿಯ ಮೇಲೆ ಕೂತ ಹಾಗೆ ಕೂತರು. ಇಪ್ಪತ್ತು ನಿಮಿಷ ಕಳೆದು ಮೇಲೆ ಹೋಗೋಣ ಎಂದು ಕೈ ಮಾಡಿದರೆ, ಆ ಹೆಂಗಸು ನನ್ನನ್ನು ನೋಡಿಯೂ ನೋಡದ ಹಾಗೆ ಸ್ವಲ್ಪ ಹೊತ್ತು ಕೂತೇ ಇದ್ದರು.

ಇಬ್ಬರನ್ನೂ ದೋಣಿ ಹತ್ತಿಸಿದ ಮೇಲೆ ಪೆದ್ರು ಲಂಗರು ಎಳೆದ. ಬರಲಿಲ್ಲ. ಹವಳದ ಕಲ್ಲಿಗೆ ಸಿಕ್ಕಿಕೊಂಡಿತ್ತು. ಬಿಡಿಸಲು ನಾನೊಬ್ಬನೇ ಮತ್ತೆ ಇಳಿದೆ. ಲಂಗರು ಬಿಡಿಸಿಯೂ ಆಯಿತು. ಆಮೇಲೆ ಮೇಲೆ ಬರಬೇಕಿತ್ತು. ಬರಲಿಲ್ಲ, ಆ ಹೆಂಗಸು ಕೂತಿದ್ದ ಜಾಗದಲ್ಲೇ ಹೋಗಿ ಕೂತುಕೊಂಡೆ. ಮೊಣಕಾಲಿಗೆ ಭಾರವಿಲ್ಲ, ಸೊಂಟಕ್ಕೆ ಭಾರವಿಲ್ಲ, ಯಾರೂ ಏನೂ ಕೇಳುವವರಿಲ್ಲ. ನನಗೆ ಸುಸ್ತಾಗಿತ್ತು. ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ. ಒಂದು ವರ್ಷದಿಂದ ಇಳಿದಾಗಲೆಲ್ಲ ಮೇಲೆ ಹೋಗದಿದ್ದರೆ ಏನಾಗುತ್ತದೆ ಅಂತ ಒಂದು ಯೋಚನೆ ಬಂದು ಹೋಗುತ್ತಿತ್ತು, ಲವಂಗದ ಖಾರಕ್ಕೆ ಓಡಿಹೋಗುತ್ತಿತ್ತು. ಅವತ್ತು ಅದು ಓಡಿಹೋಗಲಿಲ್ಲ. ಪೆದ್ರು ಮೇಲಿನಿಂದ ಹಗ್ಗವನ್ನು ಮೂರು ಸಲ ಜಗ್ಗಿದ ಮೇಲೆ ಎದ್ದು ಬಂದೆ.

ದೋಣಿಯ ಅಂಚು ಹಿಡಿದು ನಳಿಗೆ ತೆಗೆದೆ. ಪೆದ್ರು ನನ್ನ ಮುಖವನ್ನೇ ನೋಡುತ್ತಿದ್ದ. ಬಗ್ಗಿ ಕಿವಿಯ ಹತ್ತಿರ ಅಂದ, "ಬಾಯಿ ಆಡಿಸ್ದ್ಯೇನಾ?"

"ಎಂತಕ್ಕೆ?"

"ಗುಳ್ಳೆ ತುಂಡು ತುಂಡಾಗಿ ಬಂತು ಮಾರಾಯ. ಸುಮ್ನೆ ಉಸಿರು ಬಿಟ್ಟದ್ದಲ್ಲ ಅದು."

ನಾಲಿಗೆಯನ್ನು ಬಾಯಲ್ಲಿ ಒಂದು ಸುತ್ತು ಆಡಿಸಿ ನೋಡಿದೆ. ಲವಂಗ ಇರಲಿಲ್ಲ. ಬಿದ್ದುಹೋದದ್ದಲ್ಲ, ಬೆಳಗ್ಗೆ ಇಟ್ಟುಕೊಂಡದ್ದೇ ನೆನಪಿಲ್ಲ. ದೋಣಿ ಹತ್ತಿ ತಡಕಿದರೆ ಅಂಗಿಯ ಜೇಬಿನಲ್ಲಿ ಪೊಟ್ಟಣವೂ ಇಲ್ಲ.

"ಎಂತ ಹೇಳ್ದೆ?" ಅಂದ ಪೆದ್ರು.

"ದೇವ್ರಾಣೆ ನೆನಪಿಲ್ಲ."

ಅದು ನಿಜವೇ. ಏನಂದೆ ಅಂತ ಗೊತ್ತಿರಲಿಲ್ಲ. ಏನು ಯೋಚಿಸುತ್ತಿದ್ದೆ ಅಂತ ಮಾತ್ರ ಚೆನ್ನಾಗಿ ಗೊತ್ತಿತ್ತು. ಗುರುವಾರ ಬೆಳಗ್ಗೆ ಅದು ನನ್ನದೇ ದನಿಯಲ್ಲಿ ಬಂಡೆಯ ಮೇಲೆ ಕೇಳಿಸುತ್ತದೆ. ಬಂದವರು ಕೇಳಿದರೆ ಕೇಳಲಿ, ದೋಣಿಯ ಮಾಲೀಕನಿಗೆ ದೂರು ಹೋದರೆ ಹೋಗಲಿ. ಆದರೆ ಹತ್ತು ಗ್ಲಾಸು ಇಟ್ಟುಕೊಂಡು ಅಲ್ಲಿ ಕೂತಿರುವವಳು ಸಾವಂತ್ರಿ. ಗಂಡ ಸಮುದ್ರದ ತಳದಲ್ಲಿ ಕೂತು ಇನ್ನು ಮೇಲೆ ಬರುವುದು ಬೇಡ ಅಂದುಕೊಳ್ಳುತ್ತಾನೆ ಎನ್ನುವುದನ್ನು ಅವಳು ಊರವರ ಎದುರು ಕೇಳಬೇಕು. ಕೇಳಿದ ಮೇಲೆ ನಾಳೆಯಿಂದ ನಾನು ದೋಣಿಗೆ ಹೊರಟಾಗಲೆಲ್ಲ ಅವಳು ಹೇಗೆ ಉಸಿರಾಡುತ್ತಾಳೆ?

ಸಂಜೆ ಮನೆಗೆ ಬಂದವನೇ ಗೂಡು ನೋಡಿದೆ. ಖಾಲಿ. ಇವಳೇ ಇಡಲು ಮರೆತಳು ಅಂತ ಒಂದು ಕ್ಷಣ ಸಿಟ್ಟೂ ಬಂತು. ಸಾವಂತ್ರಿ ಹಿತ್ತಿಲಲ್ಲಿ ಕೂದಲು ಬಿಚ್ಚಿ ಒಣಗಿಸುತ್ತಿದ್ದಳು. ಸೋಮವಾರ ಅವಳು ತಲೆಗೆ ಎರೆದುಕೊಳ್ಳುವ ದಿನವಲ್ಲ, ನಾನು ಅದನ್ನು ಕೇಳಲೂ ಇಲ್ಲ. ಹಗ್ಗದ ಮೇಲಿನ ಸೀರೆಯ ಅಂಚಿನಲ್ಲಿ ಬಿಳಿ ಗೆರೆ ಕಂಡಿತು, ಸೋಪು ಸರಿಯಾಗಿ ಹೋಗಿಲ್ಲ ಅಂದುಕೊಂಡೆ. ಊಟಕ್ಕೆ ಕೂತಾಗ ಕೆಮ್ಮಿದಳು.

"ಕೆಮ್ಮು ಯಾವಾಗಿಂದ?"

"ಈಗರ ಬಂದದ. ಹೋಗತದ ತಗೋರಿ."

ಮಂಗಳವಾರ ಗೂಡಿನಲ್ಲಿ ಪೊಟ್ಟಣ ಇತ್ತು. ನಾಲಿಗೆಯ ಕೆಳಗೆ ಎರಡೂ ಲವಂಗ ಇಟ್ಟುಕೊಂಡು ಇಳಿದೆ, ಬಾಯಿ ಉರಿದುಹೋಯಿತು. ಬುಧವಾರ ಮಧ್ಯಾಹ್ನ ಬೇಗ ಬಂದು ಸ್ಟೋವು ಬಿಚ್ಚಿ ಕೂತೆ. ಪಂಪಿನ ವಾಷರು ಸವೆದಿತ್ತು, ಹೊಸದು ಹಾಕಿದೆ. ಬರ್ನರಿನ ಕರಿ ಕೆರೆದು, ಪಿನ್ನು ಚುಚ್ಚಿ, ಸೀಮೆಎಣ್ಣೆ ತುಂಬಿ, ಹಚ್ಚಿ ನೋಡಿದೆ. ಪಕ್ಕದ ಮನೆಯವರು ಇಣುಕಿ ನೋಡುವಷ್ಟು ಅಬ್ಬರಿಸಿತು. ಇಷ್ಟು ಸಾಕು, ನನ್ನ ಹತ್ತು ಮಾತನ್ನು ನುಂಗುತ್ತದೆ. ನನ್ನ ದನಿಯ ಮೊದಲ ಉಸಿರಿಗೇ ಅವಳು ಪಂಪು ಹೊಡೆದರೆ ನಾನು ಬಚಾವು. ಪರರ ಮಾನ ಕಾಯುವವಳು ಗಂಡನದು ಕಾಯುವುದಿಲ್ಲವೇ?

ಸಾವಂತ್ರಿ ಬಾಗಿಲಿಗೆ ಒರಗಿ ನೋಡುತ್ತಿದ್ದಳು. "ಹನ್ನೆರಡು ವರ್ಷದಾಗ ಒಮ್ಮೆರ ಇದನ್ನ ಮುಟ್ಟೀರೇನು?"

"ಸುಮ್ನೆ, ಕೈ ಖಾಲಿ ಇತ್ತು" ಅಂದೆ. ಆಮೇಲೆ ಧೈರ್ಯ ಮಾಡಿದೆ. "ನಿಂಗೆ ಕೆಮ್ಮು ಜೋರಾಗಿದೆ. ನಾಳೆ ಒಂದಿನ ಹೋಗೂದು ಬೇಡ."

"ನಾಳೆ ಗುರುವಾರ" ಅಂದಳು. "ನಾ ಹೋಗಾಕಿನ."

ಇಷ್ಟೇ. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಅಥವಾ ನೋಡುವ ಅಭ್ಯಾಸ ನನಗೇ ತಪ್ಪಿಹೋಗಿತ್ತೋ ಏನೋ.

ಗುರುವಾರ ಬೆಳಕು ಹರಿಯುವ ಬಹಳ ಮೊದಲೇ ಪದ್ಮರಾಜ, ವಿನುತಾ ಇಬ್ಬರನ್ನೂ ಕರೆದುಕೊಂಡು ಗುಡ್ಡದ ಬುಡ ಬಿಟ್ಟೆ. ಹತ್ತಲು ಎರಡು ಗಂಟೆ ಬೇಕು. ಮೊದಲು ತೆಂಗಿನ ತೋಪು, ಆಮೇಲೆ ಕೇದಗೆಯ ಪೊದೆ, ಆಮೇಲೆ ಕೆಂಪು ಮುರಕಲ್ಲಿನ ಏರು. ಪದ್ಮರಾಜನವರ ಹೊಸ ಬೂಟು ಅರ್ಧ ದಾರಿಯಲ್ಲೇ ಕಚ್ಚಿತು. ದಾರಿಗೆ ಅಡ್ಡ ಮಲಗಿದ್ದ ಉಡವೊಂದನ್ನು ನೋಡಿ ಅವರು ಮೊಸಳೆ ಅಂತ ಕೂಗಿದರು, ಉಡವೇ ಹೆದರಿ ಓಡಿತು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅವತ್ತು ಪ್ರತಿ ತಿರುವಿನಲ್ಲೂ ನನ್ನ ತಲೆಯಲ್ಲಿ ಒಂದೇ ಲೆಕ್ಕ. ನಿಧಾನ ಮಾಡಿ ತಡವಾಗಿ ಹೋದರೆ ಅವಳೊಬ್ಬಳೇ ಕೂತು ಕೇಳುತ್ತಾಳೆ, ಅದು ಇನ್ನೂ ಕೆಟ್ಟದ್ದು. ಬೇಗ ಹೋದರೆ ಏನು ಮಾಡುವುದು? ನನ್ನ ಸರದಿ ಬಂದಾಗ ಜೋರಾಗಿ ಹಾಡು ಹೇಳಲೇ? ನನಗೆ ಬರುವುದು ಒಂದೇ ಜೋಗುಳ, ಅದೂ ಅರ್ಧ.

"ನಿಮಗೆ ಕಾಲು ನೋವಿದೆ ಅಲ್ವಾ?" ಹಿಂದಿನಿಂದ ವಿನುತಾ ಕೇಳಿದರು.

"ಇಲ್ಲ ಮೇಡಂ."

"ಆರು ಹೆಜ್ಜೆಗೊಂದ್ಸಲ ನಿಲ್ತಾ ಇದ್ದೀರಿ. ನಾನು ಲೆಕ್ಕ ಇಟ್ಟಿದ್ದೀನಿ." ಲೆಕ್ಕದ ಟೀಚರ ಜೊತೆ ಗುಡ್ಡ ಹತ್ತಬಾರದು.

ನೆತ್ತಿಗೆ ಬಂದಾಗ ಬಂಡೆಗೆ ಇನ್ನೂ ಬಿಸಿಲು ಬಿದ್ದಿರಲಿಲ್ಲ. ಸಾವಂತ್ರಿ ಸ್ಟೋವಿನ ಮುಂದೆ ಕೂತಿದ್ದಳು. ಉರಿ ಸಣ್ಣಗಿತ್ತು, ಪಾತ್ರೆಯಲ್ಲಿ ಚಾ ಕುದಿಯುತ್ತಿತ್ತು. ಬೇರೆ ಯಾರೂ ಹತ್ತಿರಲಿಲ್ಲ, ನಾವು ನಾಲ್ಕೇ ಜನ. ನನ್ನ ಗ್ಲಾಸು ಬಂಡೆಯ ಅಂಚಿನಲ್ಲಿತ್ತು. ನಾನು ಮುಟ್ಟಲಿಲ್ಲ.

ಬಿಸಿಲು ತಾಗಿತು. ಮೊದಲು ಪದ್ಮರಾಜನವರ ದನಿ. ಅಂಗಡಿಯ ಹೆಸರೂ ಇಲ್ಲ, ಮನೆದೇವರೂ ಇಲ್ಲ. "ಅಮ್ಮಾ... ಅಮ್ಮಾ... ಸಾಯ್ತೀನಿ ಕಣಮ್ಮಾ..." ಸಾವಂತ್ರಿ ಮೂರು ಸಲ ಪಂಪು ಹೊಡೆದಳು. ಸ್ಟೋವು ಭರ್ರೆಂದಿತು. ಪದ್ಮರಾಜ ಕೆಂಪಾದ ಮುಖ ಎತ್ತಿ ಸಮುದ್ರ ನೋಡುತ್ತ, "ಗಾಳಿ ಜಾಸ್ತಿ, ಸರಿಯಾಗಿ ಕೇಳಿಸ್ಲೇ ಇಲ್ಲ ಕಣೇ" ಅಂದರು. ಎಲೆಯೂ ಅಲುಗುತ್ತಿರಲಿಲ್ಲ. ನನ್ನ ವಾಷರು ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ನನಗೆ ಜೀವ ಬಂತು.

ಆಮೇಲೆ ವಿನುತಾ ಅವರದು. ಅವರು ಕೆಳಗೆ ಮಾತಾಡಿದ್ದು ಅವರಿಗೇ ಗೊತ್ತಿರಲಿಲ್ಲ ಅಂತ ಕಾಣುತ್ತದೆ, ಬೆಚ್ಚಿದರು. ಸಾವಂತ್ರಿ ಉರಿ ಸಣ್ಣದು ಮಾಡಿದಳು. "ಇನ್ನೊಂದೈದು ನಿಮಿಷ" ಅಂದಿತು ಆ ದನಿ. "ಯಾರೂ ಕರೀಬೇಡಿ ನನ್ನ. ಇನ್ನೊಂದೈದೇ ನಿಮಿಷ." ಪದ್ಮರಾಜ ಹೆಂಡತಿಯ ಮುಖ ನೋಡಿದರು. ಏನೋ ಹೇಳಲು ಬಾಯಿ ತೆರೆದು ಹಾಗೆಯೇ ಮುಚ್ಚಿಕೊಂಡರು. ಆ ಮೂರು ದಿನದಲ್ಲಿ ಅವರು ತಾವಾಗಿ ಬಾಯಿ ಮುಚ್ಚಿದ್ದು ಅದೊಂದೇ ಸಲ.

ಮುಂದಿನದು ನಾನು. ಸಾವಂತ್ರಿಯ ಕೈ ಸ್ಟೋವಿನ ಕಡೆ ಹೋಯಿತು. ಹೊಡಿ, ಹೊಡಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ಪಂಪು ಮುಟ್ಟಲಿಲ್ಲ. ಗಾಳಿಯ ತಿರುಪು ಹಿಡಿದು ಸಡಿಲಿಸಿಬಿಟ್ಟಳು. ಸ್ಟೋವು ಬುಸ್ ಎಂದು ಆರಿಹೋಯಿತು. ಗುಡ್ಡದ ಮೇಲೆ ಒಂದು ನೊಣದ ಸದ್ದೂ ಇರಲಿಲ್ಲ.

"ಸಾಕು" ಅಂದಿತು ನನ್ನ ದನಿ. ನನಗೆ ಗೊತ್ತಿದ್ದ ದನಿಗಿಂತ ಮುದಿಯಾಗಿತ್ತು. "ಸಾಕಾಯ್ತು ಮಾರಾಯ. ಇಲ್ಲೇ ಕೂತ್ಬಿಡ್ತೆ. ಮೇಲೆ ಹೋಗಿ ಮತ್ತೆ ಹತ್ತೂದೇ ಅಲ್ವಾ? ಮೇಲೆ ಯಾರಿದ್ದಾರೆ? ಬೊಮ್ಮಯ್ಯ, ಬಾ ಅಂತ ಹೆಸ್ರು ಹಿಡ್ದು ಕರಿಯೂರು ಯಾರಿದ್ದಾರೆ ನಂಗೆ?"

ಅಷ್ಟಕ್ಕೆ ಮುಗಿಯಿತು. ನಾನು ತಲೆ ಎತ್ತಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಅವಳು ಎದ್ದು ಬುಟ್ಟಿ ಕಟ್ಟಿ ಇಳಿದುಹೋಗುತ್ತಾಳೆ ಅಂದುಕೊಂಡೆ. ಅವಳು ಏಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಏನನ್ನೋ ಕಾಯುವವಳ ಹಾಗೆ ಕೂತಿದ್ದಳು.

ಇಳಿಯೋಣ ಅಂತ ತಿರುಗಿದೆ. ಆಗ ಬಂಡೆಯ ಮೇಲೆ ಬಳಬಳ ಎಂದು ನೀರು ಕಲಕಿದ ಸದ್ದು ಕೇಳಿಸಿತು. ಯಾರೋ ಉಸಿರುಗಟ್ಟಿದವರು "ಅಯ್ಯಯ್ಯೋ, ಯಪ್ಪಾ!" ಅಂದರು. ಹೆಂಗಸಿನ ದನಿ. ಸ್ವಲ್ಪ ಹೊತ್ತು ಸದ್ದಿಲ್ಲ. ಮತ್ತೆ ಬಳಬಳ.

"ಬೊಮ್ಮಯ್ಯಾ" ಅಂದಿತು.

ಇಪ್ಪತ್ತೇಳು ವರ್ಷದಲ್ಲಿ ನನ್ನ ಹೆಸರನ್ನು ಆ ದನಿಯಲ್ಲಿ ನಾನು ಕೇಳಿರಲಿಲ್ಲ. ಮತ್ತೆ ಸುಮ್ಮನಾಯಿತು. ಪಾಪ, ಒಂದು ಮುಳುಗಿಗೆ ನಾಲ್ಕು ಮಾತಿಗಿಂತ ಹೆಚ್ಚು ಉಸಿರು ನಿಲ್ಲುತ್ತಿರಲಿಲ್ಲ ಅವಳಿಗೆ.

"ಏ ಬೊಮ್ಮಯ್ಯ, ನೀ ಏನಂದಿ ನನಗ ಗೊತ್ತಿಲ್ಲ." ಬಳಬಳ. "ಏನಂದಿದ್ರೂ ನಡೀತದ." ಬಳಬಳ. "ನನ್ನ ಬೈದಿದ್ರೂ ನಡೀತದ. ನೀ ಮ್ಯಾಲ ಬಾ, ನಾ ಇದ್ದೀನಿ." ಕೊನೆಗೆ ಒಂದು ದೊಡ್ಡ ಗುಟುಕು, ಕೆಮ್ಮಲು ಹೋದ ಸದ್ದು, "ಉಪ್ಪು ನೋಡು, ಇದರ ಮನಿ ಹಾಳಾಗ." ಅಲ್ಲಿಗೆ ಆ ಸೋಮವಾರದ ಮಾತೆಲ್ಲ ಮುಗಿಯಿತು.

"ಯಾರ್ರೀ ಅದು, ನಿಮ್ಮನ್ನ ಕರೀತಿರೋದು?" ಪದ್ಮರಾಜ ಕೇಳಿದರು. ಅಷ್ಟರಲ್ಲಿ ಸಾವಂತ್ರಿಗೆ ಕೆಮ್ಮು ಬಂತು, ಅವರಿಗೆ ಉತ್ತರ ಸಿಕ್ಕಿತು.

ವಿನುತಾ ಗಂಡನ ತೋಳು ಹಿಡಿದರು. "ಬನ್ನಿ, ನಾವಿಬ್ರೇ ಇಳಿಯೋಣ. ಊರಿನ ತನಕ ದಾರಿ ಕಾಣಿಸ್ತಾ ಇದೆ."

"ಅಲ್ಲ ಕಣೇ, ಉಡ?"

"ಉಡಕ್ಕೆ ನೀವು ಬಂದ್ರೆ ಓಡೋದು ಅಭ್ಯಾಸ ಆಗಿದೆ, ಬನ್ನಿ."

ಅವರನ್ನು 'ನಿಲ್ಲಿ' ಅನ್ನಲು ಹೋದೆ. ನೀರಿಗೆ ಇಳಿಸಿದವನೇ ಗುಡ್ಡ ಹತ್ತಿಸಬೇಕು, ಕಟ್ಟಳೆ ಇರುವುದು ಅಷ್ಟೇ. ಹತ್ತಿಸಿದವನೇ ಇಳಿಸಬೇಕು ಅಂತ ಯಾರೂ ಎಲ್ಲಿಯೂ ಹೇಳಿಲ್ಲ. ಇಪ್ಪತ್ತೊಂಬತ್ತು ವರ್ಷ ನಾನೇ ಹೇಳಿಕೊಂಡು ತಿರುಗಿದ್ದು. ಅವರು ಮುರಕಲ್ಲಿನ ಏರು ಇಳಿದು ಮರೆಯಾಗುವವರೆಗೂ ನೋಡಿ, ಬಂಡೆಯ ಮೇಲೆ ಸಾವಂತ್ರಿಯ ಪಕ್ಕ ಕೂತೆ. ಮೊಣಕಾಲು ಎರಡೂ ಲಟಲಟ ಅಂದವು.

ಅವಳು ಸೊಂಟದಿಂದ ಒಂದು ಪೊಟ್ಟಣ ತೆಗೆದಳು. ಕ್ಯಾಲೆಂಡರಿನ ಹಾಳೆ, ಮೇಲೆ ಸೋಮವಾರದ ತಾರೀಖು. "ಗೂಡಿನಾಗ ಬಿಟ್ಟು ಹೋಗಿದ್ರಿ. ಮಧ್ಯಾಹ್ನ ಬಂದು ನೋಡಿದೆ. ಇವರು ಬರೇ ಬಾಯಿಲೆ ಇಳದಾರ, ಏನರ ಅಂದಿರತಾರ ಅಂತ ತಿಳೀತು. ಗುರುವಾರ ಒಬ್ರ ನಿಂತು ಕೇಳಬೇಕಾಗತದಲ್ಲ ನೀವು. ಅದಕ್ಕ ಹ್ವಾದೆ."

"ನೀರಿಗೆ ಇಳ್ದ್ಯಾ? ನೀನು?"

"ಮತ್ಯಾರು ಇಳೀತಾರ? ಮೊಣಕಾಲು ಮಟ ನಿಂತು ಬಗ್ಗಿದೆ. ಜೀವ ಹ್ವಾತು ಅಂದ್ಕೊಂಡೆ."

"ಸ್ಟೋವು ಯಾಕೆ ಆರಿಸಿದೆ? ಊರವರದೆಲ್ಲ ಮುಚ್ತಿ, ನಂದು ಮುಚ್ಚಲಿಲ್ಲ."

ಅವಳು ಪೊಟ್ಟಣವನ್ನು ಅಂಗೈಯಲ್ಲಿ ಒಮ್ಮೆ ತಿರುಗಿಸಿದಳು. ಆಮೇಲೆ ಅಂದಳು. "ನಿಮ್ಮ ಮಾತು ಕೇಳಿ ಎಷ್ಟು ದಿನ ಆಗಿತ್ತರಿ."

ನನಗೆ ಅಳು ಬಂತು. ಮುಚ್ಚಿಡಲು ಹೋಗಲಿಲ್ಲ, ಅವಳೂ ನೋಡದ ಹಾಗೆ ಮಾಡಲಿಲ್ಲ. ಪೊಟ್ಟಣ ಬಿಚ್ಚಿ ಒಂದು ಲವಂಗ ನನಗೆ ಕೊಟ್ಟಳು, ಇನ್ನೊಂದನ್ನು ತಾನು ಬಾಯಿಗೆ ಹಾಕಿಕೊಂಡಳು. ನಾನು ಸ್ಟೋವು ಹಚ್ಚಿ ಪಂಪು ಹೊಡೆದೆ. ತಣ್ಣಗಾಗಿದ್ದ ಚಾ ಬಿಸಿಯಾಯಿತು. ಕೂತುಕೊಂಡು ಕುಡಿದೆ, ಒಂದಲ್ಲ, ಎರಡು ಗ್ಲಾಸು.

"ಇನ್ನೊಂದ್ಸಲ ಕರಿ" ಅಂದೆ.

"ಹೋಗ್ರಿ" ಅಂದಳು. "ನೀರಾಗ ಅಂದದ್ದು ಒಮ್ಮೆ ಕೇಳತದ, ಅಷ್ಟ."

ಅವಳ ಬುಟ್ಟಿಯನ್ನು ನಾನು ಹೊತ್ತುಕೊಂಡೆ. ಅವಳು ಮುಂದೆ, ನಾನು ಹಿಂದೆ. ಬಿಸಿಲು ಏರಿತ್ತು, ನಾನು ಎಂದಿನಂತೆ ಆರು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದೆ. ಕೇದಗೆಯ ಪೊದೆಯ ತಿರುವಿಗೆ ಬಂದಾಗ ಅವಳು ತುಂಬ ಮುಂದೆ ಹೋಗಿಬಿಟ್ಟಿದ್ದಳು. ಅಲ್ಲಿ ನಿಂತು ಆ ಕಡೆ ಈ ಕಡೆ ನೋಡಿದಳು. ದಾರಿಯಲ್ಲಿ ಯಾರೂ ಇರಲಿಲ್ಲ. ನನ್ನ ಕಡೆ ತಿರುಗದೆ ಮೆಲ್ಲಗೆ, ಒಣ ನೆಲದ ಮೇಲೆ ನಿಂತುಕೊಂಡು, "ಬೊಮ್ಮಯ್ಯ, ಬಾ" ಅಂದಳು.

"ಬಂದೆ" ಅಂದೆ.